ಬಸವಣ್ಣೆಪ್ಪನ ಅನಿಲ ಪಾಠ

ಔರಾದಿನ ಜೂನಿಯರ್ ಕಾಲೇಜಿನಲ್ಲಿ ಲ್ಯಾಬ್ ಅಟೆಂಡರ್ ಆಗಿದ್ದ ಬಸವಣ್ಣೆಪ್ಪ, ರಸಾಯನಶಾಸ್ತ್ರದ ಪರೀಕ್ಷೆ ಹತ್ತಿರ ಬಂತೆಂದರೆ ಮಕ್ಕಳಿಗಿಂತ ಹೆಚ್ಚು ಬೆವರುತ್ತಿದ್ದ. ಸೈಕಲ್ ಪಂಪಿನ ಬಾಯಿಗೆ ಬೆರಳೊತ್ತಿ ಬಾಯ್ಲನ ನಿಯಮ ಹೇಳುತ್ತಿದ್ದ. ಬಲೂನನ್ನು ಬಿಸಿಲಿಗಿಟ್ಟು ಚಾರ್ಲ್ಸನ ನಿಯಮ ತೋರಿಸುತ್ತಿದ್ದ. ಸಣ್ಣ ತೂತಿನಿಂದ ಹಗುರಾದ ಅನಿಲವೇ ಬೇಗ ಹೊರಬೀಳುತ್ತದೆಂಬ ಗ್ರಹಾಮನ ಮಾತನ್ನಂತೂ ಚಹಾದಂಗಡಿಯವನಿಗೂ ಬಾಯಿಪಾಠ ಮಾಡಿಸಿದ್ದ. "ಲೆಕ್ಕದಾಗ ಸೆಲ್ಸಿಯಸ್ ಉಷ್ಣತಾ ಕೊಟ್ರ ಮೊದಲ ಇನ್ನೂರಾ ಎಪ್ಪತ್ಮೂರು ಕೂಡಿಸಿ ಕೆಲ್ವಿನ್ ಮಾಡ್ರಿ, ಆಮ್ಯಾಲ ನೀರು ಕುಡೀರಿ" ಎಂಬುದು ಅವನ ನಿತ್ಯದ ಮಾತು. ಮಳೆ ಕೈಕೊಟ್ಟ ಆ ವರ್ಷ ಜನ ಪುಣೆಗೆ, ಹೈದರಾಬಾದಿಗೆ ದುಡಿಯಲು ಹೋಗಿ, ತರಗತಿಯಲ್ಲಿ ಒಂಬತ್ತೇ ಮಕ್ಕಳು ಉಳಿದರು. ಅವರಲ್ಲೆಲ್ಲ ಚುರುಕಾಗಿದ್ದ ಅಂಜನಾ, ಪರೀಕ್ಷೆಯ ಹಿಂದಿನ ದಿನ ಗಂಟುಮೂಟೆಯೊಂದಿಗೆ ಬಸ್ ನಿಲ್ದಾಣದಲ್ಲಿ ಕಂಡಳು. "ಒಂದ ದಿನ ತಡೀರಿ ಅಕ್ಕಾ, ಹುಡುಗಿ ಪರೀಕ್ಷಾ ಬರೀಲಿ" ಎಂದು ಬಸವಣ್ಣೆಪ್ಪ ಅವಳ ತಾಯಿ ಜಿಜಾಬಾಯಿಯನ್ನು ಬೇಡಿಕೊಂಡ. "ನಾಳಿಗಿ ಹೋದ್ರ ಕೂಲಿಯವ್ರನ್ನ ಹಚ್ಚೋ ಮುಕಾದಮ ಕೆಲಸಕ್ಕ ತಗೋತಾನೇನ್ರಿ ಅಣ್ಣಾ?" ಎಂದಳು ಆಕೆ. ಬಸವಣ್ಣೆಪ್ಪ ಅವರ ಗಂಟನ್ನೆತ್ತಿಕೊಂಡು ಬಸ್ಸಿನತ್ತ ನಡೆದ. ಹಿಂದೊಂದು ಬರಗಾಲದಲ್ಲಿ, ಇದೇ ಪರೀಕ್ಷೆಯ ಹಿಂದಿನ ದಿನ, ಅವನೂ ಅಪ್ಪನ ಜೊತೆ ಇಲ್ಲಿಂದಲೇ ಬಸ್ಸು ಹತ್ತಿದ್ದ. ಕಲಿತದ್ದೆಲ್ಲ ಆಮೇಲೆ ಲ್ಯಾಬಿನ ಕಸ ಗುಡಿಸುತ್ತ ಕೇಳಿ ಕಲಿತದ್ದು. ಆ ಪರೀಕ್ಷೆಯನ್ನು ಅವನು ಎಂದೂ ಬರೆಯಲಿಲ್ಲ.