ಗಾಜಕ್ಕ ಮತ್ತು ನಲವತ್ತೊಂದನೇ ನಂಬರಿನ ಮಣ್ಣು

ಸಂಶೋಧನಾಲಯದ ಕೆಳಮಹಡಿಯಲ್ಲಿ, ಮೆಟ್ಟಿಲ ಹಿಂದಿನ ಕೋಣೆಯಲ್ಲಿ ಎರಡು ಕಲ್ಲಿನ ತೊಟ್ಟಿ, ಬಿಸಿ ಆವಿಯಲ್ಲಿ ರೋಗಾಣು ಕೊಲ್ಲುವ, ಪ್ರೆಶರ್ ಕುಕ್ಕರಿನ ಮುತ್ತಜ್ಜನಂತಿದ್ದ ಒಂದು ಆಟೋಕ್ಲೇವ್, ಒಂದು ಕುಂಟು ಸ್ಟೂಲು ಇದ್ದವು. ಇಡೀ ಸಂಸ್ಥೆ ನಿಂತಿರುವುದೇ ಈ ಕೋಣೆಯ ಮೇಲೆ ಎಂದು ಗಾಜಕ್ಕ ಇಪ್ಪತ್ತಾರು ವರ್ಷದಿಂದ ನಂಬಿದ್ದಳು. ಮೇಲಿನ ಮಹಡಿಯವರ ನಂಬಿಕೆ ಬೇರೆ ಇತ್ತು. ಅವರನ್ನು ಕೇಳಿದವರು ಯಾರು?

ಅವಳಿಗೊಂದು ಸ್ವಂತ ಹೆಸರಿತ್ತು. ಅದು ಹಾಜರಿ ಪುಸ್ತಕದಲ್ಲಿ ಸುಖವಾಗಿತ್ತು. ಗಾಜಿನ ಸಾಮಾನು ತೊಳೆಯುವವಳಾದ್ದರಿಂದ ಎಲ್ಲರ ಬಾಯಲ್ಲೂ ಗಾಜಕ್ಕ. ತೊಳೆಯುವುದಕ್ಕೆ ಅವಳದೇ ಒಂದು ಶಾಸ್ತ್ರ: ಸೋಪಿನಲ್ಲಿ ಒಮ್ಮೆ, ನಲ್ಲಿ ನೀರಿನಲ್ಲಿ ಐದು ಸಲ, ಭಟ್ಟಿ ಇಳಿಸಿದ ನೀರಿನಲ್ಲಿ ಎರಡು ಸಲ. ಆಮೇಲೆ ಟ್ಯೂಬನ್ನು ಕಿಟಕಿಯ ಬೆಳಕಿಗೆ ಹಿಡಿಯಬೇಕು. ನೀರು ಒಂದೇ ಹಾಳೆಯಂತೆ ಜಾರಿ ಇಳಿದರೆ ಪಾಸು. ಎಲ್ಲಾದರೂ ಒಂದು ಹನಿ ನಿಂತಿತೋ, ಮತ್ತೆ ತೊಟ್ಟಿಗೆ. ಮನೆಯ ಲೋಟಗಳಿಗೂ ಇದೇ ಪರೀಕ್ಷೆ. ಕುಡಿಯಲು ನೀರು ಕೇಳಿದ ಗಂಡ, ಲೋಟ ಪಾಸಾಗುವ ತನಕ ಒಣಗಿದ ಗಂಟಲಲ್ಲಿ ಕೂತದ್ದೂ ಉಂಟು.

ಗಂಡನದು ನಲ್ಲಿ, ಪೈಪು ರಿಪೇರಿ. ಗಂಡ ಹೆಂಡತಿ ಇಬ್ಬರ ಬದುಕೂ ಒಂದೇ ವಸ್ತುವಿನ ಮೇಲೆ ನಿಂತಿತ್ತು: ಲೋಳೆ. ಅವನು ಅದನ್ನು ಪೈಪಿನಿಂದ ಕೆರೆಯುತ್ತಿದ್ದ, ಇವಳು ಟ್ಯೂಬಿನಿಂದ.

ಈ ಲೋಳೆ ಏನೆಂದು ಗಾಜಕ್ಕನಿಗೆ ಸರಿಯಾಗಿ ತಿಳಿಸಿದವಳು ಮಣ್ಣಿನ ಹುಡುಗಿ. ಅವಳು ಮೇಲಿನ ಮಹಡಿಯಲ್ಲಿ ಮೂರು ವರ್ಷದಿಂದ ಸಂಶೋಧನೆ ಮಾಡುತ್ತಿದ್ದಳು. ಕಂಡ ಕಂಡಲ್ಲಿ ಬಗ್ಗಿ ಮಣ್ಣು ಕೆದಕಿ ಚೀಲಕ್ಕೆ ಹಾಕಿಕೊಳ್ಳುವುದರಿಂದ ಆ ಹೆಸರು. ಮಧ್ಯಾಹ್ನ ಬುತ್ತಿ ಹಿಡಿದು ಕೆಳಗೆ ಬಂದು, ಕುಂಟು ಸ್ಟೂಲಿನ ಮೇಲೆ ಸರ್ಕಸ್ ಮಾಡುತ್ತಾ ಕೂತು ಹೇಳಿದ್ದಳು:

"ನೋಡಿ ಅಕ್ಕಾ, ರೋಗಾಣು ಒಂಟಿಯಾಗಿ ತೇಲ್ತಾ ಇದ್ರೆ ಔಷಧಿಗೆ ಸಿಗುತ್ತೆ. ಗೋಡೆಗೆ ಅಂಟಿಕೊಂಡು ಸಂಸಾರ ಹೂಡಿದ್ರೆ ಮುಗೀತು. ಸುತ್ತ ಲೋಳೆಯ ಕೋಟೆ. ಆಸ್ಪತ್ರೆಯಲ್ಲಿ ರೋಗಿಗಳಿಗೆ ಹಾಕೋ ನಳಿಗೆ ಒಳಗೂ ಇದೇ ಕಥೆ. ಔಷಧಿ ಹೊರಗೇ ನಿಂತು ಬಾಗಿಲು ತಟ್ಟುತ್ತೆ."

"ಅದಕ್ಕೂ ಮಣ್ಣಿಗೂ ಏನಮ್ಮಾ ಸಂಬಂಧ?"

"ಮಣ್ಣಲ್ಲಿ ಕೋಟಿ ಕೋಟಿ ಬ್ಯಾಕ್ಟೀರಿಯಾ ಇದಾವೆ. ಅಂಗೈಯಗಲ ಜಾಗಕ್ಕೆ ದಿನಾ ಕಿತ್ತಾಟ. ಪಕ್ಕದವನು ನೆಲೆ ಊರದ ಹಾಗೆ ಒಂದೊಂದೂ ಏನೇನೋ ರಸ ಬಿಡುತ್ತೆ. ಅಂಥದ್ದೊಂದು ರಸ ನನಗೆ ಬೇಕು."

ಗಾಜಕ್ಕ ಇದನ್ನು ಮನೆಗೆ ಹೋಗಿ ಹೇಳಿದಾಗ ಗಂಡ ತಲೆದೂಗಿದ. "ಸಾಯಿಸಲ್ಲ, ಮನೆ ಮಾಡೋಕೂ ಬಿಡಲ್ಲ. ನಮ್ಮ ಹಳೇ ಮನೆ ಓನರ್ ಇದ್ದ ಹಾಗೇ ಅನ್ನು. ಆದ್ರೂ ಲೋಳೇನೇ ಇಲ್ಲ ಅಂದ್ರೆ ನನ್ನ ಗತಿಯೇನೇ?"

"ಪೈಪಿಗೆ ಹಾಕಲ್ಲ ಸುಮ್ನಿರಿ."

ಹುಡುಗಿ ಪ್ರತಿ ಮಣ್ಣಿನ ಬ್ಯಾಕ್ಟೀರಿಯಾ ಬೆಳೆಸಿ, ಸೋಸಿ, ಬಂದ ರಸಕ್ಕೆ ಒಂದೊಂದು ನಂಬರು ಕೊಡುತ್ತಿದ್ದಳು. ಲೋಳೆ ಕಟ್ಟುವ ರೋಗಾಣುವನ್ನು ನೀರಲ್ಲಿ ಬಿಟ್ಟ ಟ್ಯೂಬುಗಳಿಗೆ ಅದರ ನಾಲ್ಕು ಹನಿ. ಎರಡು ದಿನದ ನಂತರ ನೀರು ಚೆಲ್ಲಿ ನೇರಳೆ ಬಣ್ಣ ಹಾಕಿದರೆ, ಲೋಳೆ ಕಟ್ಟಿದ ಕಡೆ ಬಳೆಯಂತೆ ಗೆರೆ ಮೂಡುತ್ತದೆ. ಒಡೆದರೆ ಇರಲಿ ಎಂದು ಜೊತೆಗೆ ಅಂಥದೇ ಒಂದು ಸಾಲು ಟ್ಯೂಬು ಹೆಚ್ಚಿಗೆ ಇಟ್ಟಿರುತ್ತಿದ್ದಳು. ಅವನ್ನು ಯಾರೂ ತಿರುಗಿ ನೋಡುತ್ತಿರಲಿಲ್ಲ. ನೀರಿನ ಸಮೇತ ನೇರ ಗಾಜಕ್ಕನ ಆಟೋಕ್ಲೇವಿಗೆ, ಅಲ್ಲಿಂದ ತೊಟ್ಟಿಗೆ.

ನಲವತ್ತು ನಂಬರಿನ ತನಕ ಬಳೆ ತಪ್ಪಲಿಲ್ಲ. ಸೈಕಲ್ ಸ್ಟ್ಯಾಂಡಿನ ಹಿಂದಿನ ಗೋಡೆಯ ಬುಡದ ಮಣ್ಣು, ನಲವತ್ತೊಂದನೆಯದು. ಅದರ ಟ್ಯೂಬು ಮೊದಲ ಸಲ ಕೈಗೆ ಬಂದಾಗ ಗಾಜಕ್ಕ ಬ್ರಷ್ ಹಾಕಿ ತಿರುಗಿಸಿದಳು. ಬ್ರಷ್ ಹೋದ ಹಾಗೇ ವಾಪಸ್ ಬಂತು. ಒಳಗೆ ನೀರು ಮಜ್ಜಿಗೆ ನೀರಿನಂತೆ ಮಬ್ಬಾಗಿತ್ತು, ಗಾಜಿಗೆ ಮಾತ್ರ ಏನೂ ಅಂಟಿರಲಿಲ್ಲ. ಹುಡುಗಿ ನಲವತ್ತೊಂದನ್ನು ಮತ್ತೆ ಮತ್ತೆ ಮಾಡಿದಂತೆ ಮುಂದಿನ ವಾರವೂ, ಅದರ ಮುಂದಿನ ವಾರವೂ ಹಾಗೇ ಆಯಿತು.

ಇದನ್ನು ಅವಳು ಯಾರಿಗೂ ಹೇಳಲಿಲ್ಲ. ಇಪ್ಪತ್ತಾರು ವರ್ಷದ ನೌಕರಿಯಲ್ಲಿ ಅವಳು ಕಲಿತದ್ದಿಷ್ಟೆ: ಕಷ್ಟದ ಕೆಲಸ ಹೇಳಿಕೊಂಡರೆ ಯಾರೂ ಕೇಳುವುದಿಲ್ಲ, ಸುಲಭದ ಕೆಲಸ ಹೇಳಿಕೊಂಡರೆ ಮರುದಿನವೇ ಇನ್ನೊಂದು ಬುಟ್ಟಿ ಬರುತ್ತದೆ. ನಲವತ್ತೊಂದನ್ನು ಸಾಯಂಕಾಲದ ಕೊನೆಗೆ ಎತ್ತಿಟ್ಟುಕೊಂಡು, ಊಟದ ಮೇಲಿನ ಬಾಳೆಹಣ್ಣಿನಂತೆ ಆರಾಮವಾಗಿ ತೊಳೆಯುತ್ತಿದ್ದಳು.

ಮೇಲಿನ ಮಹಡಿಯಲ್ಲಿ ಆಗಲೇ ಬೇರೆ ಕಥೆ ನಡೆದಿತ್ತು. ಒಂದು ಬೆಳಿಗ್ಗೆ ತೊಳೆದ ಟ್ಯೂಬಿನ ಬುಟ್ಟಿ ಹೊತ್ತು ಹೋದ ಗಾಜಕ್ಕ ಬಾಗಿಲಲ್ಲೇ ನಿಂತಳು. ಹುಡುಗಿಯ ಸಂಶೋಧನೆ ನೋಡಿಕೊಳ್ಳುವ ಪ್ರೊಫೆಸರರು ಅವಳೆದುರು ಬಳೆ ಮೂಡದ ಮೂರು ಟ್ಯೂಬುಗಳನ್ನು ಎರಡು ಬೆರಳಲ್ಲಿ ಹಿಡಿದಿದ್ದರು. ಅವರು ಟ್ಯೂಬು ಹಿಡಿದರೂ ಎದುರಿಗೆ ಫೋಟೋ ತೆಗೆಯುವವನು ಇದ್ದಾನೆ ಎನಿಸುತ್ತಿತ್ತು.

"ಇದು ಸಂಶೋಧನೆಯಲ್ಲಮ್ಮ, ಸೋಪು. ಕೆಳಗೆ ಸರಿಯಾಗಿ ತೊಳೆದಿಲ್ಲ. ಉಳಿದ ಸೋಪಿಗೆ ರೋಗಾಣು ಸತ್ತಿದೆ. ನಲವತ್ತೊಂದನ್ನು ಬಿಡು. ಮುಂದಿನ ತಿಂಗಳಿಂದ ಎಲ್ಲ ಪ್ಲಾಸ್ಟಿಕ್ ಟ್ಯೂಬು, ಒಂದು ಸಲ ಬಳಸು, ಎಸೆ. ಆ ತೊಳೆಯೋ ಕೋಣೆ ಮುಚ್ಚಿ ಅಲ್ಲಿ ಹಳೇ ಕುರ್ಚಿ ತುಂಬಿಸೋಣ. ಆಕೆಯನ್ನ ಗೇಟಿನ ಹತ್ತಿರ ರಿಜಿಸ್ಟರ್ ಬರೆಯೋಕೆ ಹಾಕಿದ್ರಾಯ್ತು."

ಹುಡುಗಿ ತಲೆ ತಗ್ಗಿಸಿದಳು. ಗಾಜಕ್ಕ ಬುಟ್ಟಿಯನ್ನು ಸದ್ದಿಲ್ಲದೆ ಮೇಜಿನ ಮೇಲಿಟ್ಟು ಇಳಿದು ಬಂದಳು. ಕೋಣೆ ಹೋಗುವ ಸಂಕಟ ಒಂದು ಕಡೆ. ಅವಳ ಟ್ಯೂಬಿನಲ್ಲಿ ಸೋಪು! ಅದು ಎದೆಗೆ ಚುಚ್ಚಿತ್ತು.

ಆ ಸಂಜೆ ಗಂಡ ಕೇಳಿದ, "ಏನೇ, ಲೋಟ ನೋಡ್ದೆ ನೀರು ಕೊಟ್ಟೆ? ಮೈಗೆ ಹುಷಾರಿಲ್ವಾ?"

ಅವಳು ಎಲ್ಲ ಹೇಳಿದಳು. ಅವನು ಲೋಟ ಕೆಳಗಿಟ್ಟ. "ತಡಿ ತಡಿ. ಸೋಪಿಗೆ ಸತ್ತಿದ್ರೆ ನೀರು ತಿಳಿಯಾಗಿ ಇರಬೇಕಿತ್ತಲ್ವಾ? ನಾನು ಟ್ಯಾಂಕಿಗೆ ಬ್ಲೀಚಿಂಗ್ ಪುಡಿ ಹಾಕಿದ್ರೆ ನೀರು ಮಬ್ಬಾಗೇ ಕೂತಿರುತ್ತಾ?"

ಗಾಜಕ್ಕ ಎದ್ದು ನಿಂತಳು. "ಮಜ್ಜಿಗೆ ನೀರಿನ ಹಾಗೆ ಇರುತ್ತೆ ರೀ! ಮೂರು ವಾರದಿಂದ ನೋಡ್ತಾ ಇದೀನಿ."

"ಮತ್ತೆ ಹೇಳೋದಲ್ವಾ?"

"ಹೇಳಿದ್ರೆ ಇನ್ನೊಂದು ಬುಟ್ಟಿ ಕೊಡ್ತಾರೆ ಅಂತ ಸುಮ್ನಿದ್ದೆ."

"ಸರಿ ಬಿಡು, ಈಗ ಕೋಣೆನೇ ಕಿತ್ಕೋತಾರೆ."

ಬೆಳಿಗ್ಗೆ ಅವಳು ಮಣ್ಣಿನ ಹುಡುಗಿಯ ಕೈ ಹಿಡಿದುಕೊಂಡು ಪ್ರೊಫೆಸರರ ಕೋಣೆಗೆ ಹೋದಳು. ಆ ಕೋಣೆಯ ಒಳಗೆ ಅವಳು ಕಾಲಿಟ್ಟದ್ದು ಅದೇ ಮೊದಲು. ಹೊಸ್ತಿಲ ಹೊರಗೇ ಚಪ್ಪಲಿ ಬಿಟ್ಟು, ಒಳಗೆ ಹೋದಮೇಲೆ ಎಲ್ಲರೂ ಹಾಕಿಕೊಂಡೇ ಕೂತಿರುವುದು ಕಂಡು ಪೇಚಾಡಿದಳು. ಆದರೂ ಮಾತು ಬಿಡಲಿಲ್ಲ. ಮಬ್ಬು ನೀರು, ಅಂಟದ ಗಾಜು, ಮೂರು ವಾರ ಬಾಯಿ ಮುಚ್ಚಿಕೊಂಡಿದ್ದದ್ದು, ಎಲ್ಲ ಒಪ್ಪಿಸಿದಳು.

ಹುಡುಗಿಯ ಕಣ್ಣು ಅರಳಿತು. "ಮಬ್ಬಿತ್ತಾ? ಅಂದ್ರೆ ಬದುಕಿದ್ವು! ಬದುಕಿದ್ದೂ ಅಂಟಿಲ್ಲ! ಅಯ್ಯೋ, ನಾನು ನೀರು ಚೆಲ್ಲಿ ಬರೀ ಬಳೆ ನೋಡ್ತಾ ಇದ್ದೆ."

ಪ್ರೊಫೆಸರರು ಕನ್ನಡಕ ಒರೆಸಿದರು. "ಬಾಯಿಮಾತು ಆಧಾರವಾಗೋದಿಲ್ಲ. ಸೋಪು ಇರಲಿಲ್ಲ ಅನ್ನೋದಕ್ಕೆ ಏನು ಸಾಕ್ಷಿ?"

"ನೀವು ತರಿಸ್ತೀನಿ ಅಂದ್ರಲ್ಲ ಸಾರ್, ಪ್ಲಾಸ್ಟಿಕ್ ಟ್ಯೂಬು. ಇವತ್ತೇ ಒಂದು ಪೆಟ್ಟಿಗೆ ತರಿಸಿ. ಅದು ಸೋಪು ಕಂಡಿಲ್ಲ, ನನ್ನ ಕೈನೂ ಕಂಡಿಲ್ಲ. ಅದರಲ್ಲೇ ಮಾಡಿ. ಬಳೆ ಮೂಡಿದ್ರೆ ನಾನೇ ಹೋಗಿ ಗೇಟಲ್ಲಿ ಕೂರ್ತೀನಿ."

ತನ್ನ ಕೋಣೆಗೆ ಬೀಗ ಹಾಕಲು ಬರುವ ವಸ್ತುವನ್ನು ತಾನೇ ಕೈಯಾರೆ ಕರೆದಿದ್ದಳು.

ಎರಡು ದಿನ ಗಾಜಕ್ಕ ತೊಳೆದದ್ದನ್ನೇ ತೊಳೆದಳು. ಮೂರನೆಯ ದಿನ ಹನ್ನೊಂದು ಗಂಟೆಗೆ ಮೇಲಿಂದ ಕರೆ ಬಂತು. ಹುಡುಗಿ ಬೆರಳು ತೋರಿಸಿದಳು. ಪ್ಲಾಸ್ಟಿಕ್ ಟ್ಯೂಬುಗಳು ಸಾಲಾಗಿ ನಿಂತಿದ್ದವು. ರಸ ಹಾಕದವಕ್ಕೆಲ್ಲ ಅಚ್ಚುಕಟ್ಟಾದ ನೇರಳೆ ಬಳೆ. ನಲವತ್ತೊಂದರ ಆರಕ್ಕೆ ಆರೂ ಬೋಳು ಕೈ. ಬಣ್ಣ ಹಾಕುವ ಮೊದಲು ಆರರಲ್ಲೂ ನೀರು ಮಬ್ಬಾಗಿತ್ತು. ಈ ಸಲ ಹುಡುಗಿ ಅದನ್ನು ಅಳೆದು ಬರೆದಿಟ್ಟಿದ್ದಳು.

"ನಾನು ಮೊದಲೇ ಅಂದುಕೊಂಡಿದ್ದೆ," ಎಂದರು ಪ್ರೊಫೆಸರರು, ಗಾಂಭೀರ್ಯ ಕೆಡದಂತೆ. "ಇದಿನ್ನೂ ಆರಂಭ. ಆ ರಸದಲ್ಲಿ ಏನಿದೆ ಅಂತ ಬಿಡಿಸಬೇಕು, ಮನುಷ್ಯನ ಮೈಗೆ ಆಗುತ್ತೋ ನೋಡಬೇಕು. ವರ್ಷಗಳ ಕೆಲಸ."

"ಆಗಲಿ ಸಾರ್," ಅಂದಳು ಹುಡುಗಿ, ಅವಳಿಗೆ ಆ ಕ್ಷಣ ನೂರು ವರ್ಷ ಬೇಕಾದರೂ ಇದ್ದಂತಿತ್ತು. "ಆದ್ರೆ ಟ್ಯೂಬು ಗಾಜಿಂದೇ ಇರಲಿ. ಪ್ಲಾಸ್ಟಿಕ್ ಆಗಿದ್ರೆ ಬಳಸಿ ಕಸದ ಬುಟ್ಟಿಗೆ ಹಾಕ್ತಿದ್ವಿ. ಒಳಗೆ ಏನು ಅಂಟಿತ್ತು, ಏನು ಅಂಟಿರ್ಲಿಲ್ಲ, ಯಾರು ನೋಡ್ತಿದ್ರು?"

ಪ್ರೊಫೆಸರರು ಗಾಜಕ್ಕನ ಕಡೆ ನೋಡಿದರು, ಬಹುಶಃ ಇಪ್ಪತ್ತಾರು ವರ್ಷದಲ್ಲಿ ಮೊದಲ ಬಾರಿ. "ಕೋಣೆ ಇರಲಿ. ಆದರೆ ಆಕೆ ನೋಡಿದ್ದನ್ನ ಬರೆದಿಡಬೇಕು."

ಗೆರೆ ಹಾಕಿದ ದಪ್ಪ ಪುಸ್ತಕವೊಂದು ಕೆಳಗೆ ಬಂತು. ಒಂದು ಕಡೆ ಮಣ್ಣಿನ ನಂಬರು, ಪಕ್ಕದಲ್ಲಿ ಗಾಜಕ್ಕನ ಅಕ್ಷರ. ನಲವತ್ತೆರಡು: ಉಜ್ಜಿ ಉಜ್ಜಿ ಸಾಕಾಯಿತು. ನಲವತ್ತಮೂರು: ಬ್ರಷ್ಷಿನ ಕೂದಲು ಕಿತ್ತು ಬಂತು. ನಲವತ್ನಾಲ್ಕು: ಇದನ್ನು ನಮ್ಮ ಯಜಮಾನರಿಗೆ ಕೊಡಿ. ಓದಿದ ಪ್ರೊಫೆಸರರು ಇದು ವೈಜ್ಞಾನಿಕ ಭಾಷೆಯಲ್ಲ ಎಂದು ಆಕ್ಷೇಪಿಸಿದರು. ಹುಡುಗಿ ಮಾತ್ರ ಪ್ರತಿ ಸಂಜೆ ಬಂದು ಒಂದಕ್ಷರ ಬಿಡದೆ ನಕಲು ಮಾಡಿಕೊಂಡಳು.

ಐವತ್ತಾರರಲ್ಲಿ ಬ್ರಷ್ ಹೋದ ಹಾಗೇ ವಾಪಸ್ ಬಂತು. ಅದರ ಎದುರಿಗೆ ಗಾಜಕ್ಕ ಏನೂ ಬರೆಯಲಿಲ್ಲ. ಒದ್ದೆ ಕೈಯಲ್ಲೇ ಟ್ಯೂಬು ಹಿಡಿದು, ಸೆರಗು ಸಿಕ್ಕಿಸಿಕೊಂಡು, ಮೆಟ್ಟಿಲು ಹತ್ತಿದಳು.