ರಾಕೆಟ್ಟಿನ ಬ್ಯಾಟರಿ ಮತ್ತು ಇವರ ಕಿವಿ

ಇವತ್ತು ಬೆಳಿಗ್ಗೆ ಜಗಲಿ ಗುಡಿಸುವಾಗ ಹಿಮ್ಮಡಿಗೆ ಏನೋ ಅಂಟಿತು. ಕಿತ್ತು ನೋಡಿದರೆ ಉಗುರಿನಷ್ಟು ಅಗಲದ ನೀಲಿ ಸ್ಟಿಕ್ಕರ್. ಕಿವಿಯ ಮಿಷನ್ನಿನ ಬ್ಯಾಟರಿಗೆ ಅಂಟಿಕೊಂಡು ಬರುವಂಥದ್ದು. ಇವರು ಅದನ್ನು ತೆಗೆದು ಕೂತಲ್ಲೇ ಬಿಸಾಡುತ್ತಾರೆ, ಎಷ್ಟು ಹೇಳಿದರೂ ಅಷ್ಟೆ. ಇವರೆಂದರೆ ನನ್ನ ಗಂಡ. ಈ ಸ್ಟಿಕ್ಕರಿನ ಕಥೆ ಹೇಳಬೇಕಾದರೆ ರಾಕೆಟ್ಟಿನಿಂದ ಶುರು ಮಾಡಬೇಕು. ನಗಬೇಡಿ, ರಾಕೆಟ್ಟೇ.

ಇವರಿಗೆ ಪಂಪ್‌ವೆಲ್ಲಿನಲ್ಲಿ ಟಯರ್ ಪಂಕ್ಚರಿನ ಅಂಗಡಿ ಇತ್ತು. ಗಾಳಿ ಹೊಡೆಯುವ ಕಂಪ್ರೆಸರಿನ ಪಕ್ಕದಲ್ಲೇ ಪ್ರಾಯ ಕಳೆದು ಕಿವಿ ಹೋಯಿತು. ಅಂಗಡಿ ಬಿಟ್ಟ ಮೇಲೆ ಮಗಳು ಎರಡು ಕಿವಿಗೂ ಮಿಷನ್ ಮಾಡಿಸಿಕೊಟ್ಟಳು. ನಾಲ್ಕು ದಿನ ಹಾಕಿ, "ಕಿವಿಯೊಳಗೆ ಕಾಗದ ಹರಿದ ಹಾಗೆ ಆಗ್ತದೆ" ಎಂದು ತೆಗೆದು ಡಬ್ಬಿಯಲ್ಲಿಟ್ಟರು. ಆಮೇಲೆ ಬೊಬ್ಬೆ ಹಾಕುವುದೇ ನನ್ನ ಕೆಲಸ. ಊಟಕ್ಕೆ ಬನ್ನಿ, ಗ್ಯಾಸ್ ಮುಗಿದಿದೆ, ಪಂಪು ಬಂದ್ ಮಾಡಿ. ಇಷ್ಟನ್ನು ಬೊಬ್ಬೆ ಹಾಕಬಹುದು. ಪಕ್ಕದ ಮನೆಯ ಬೆಕ್ಕು ಮರಿ ಹಾಕಿದೆ ಎಂಬುದನ್ನು ಬೊಬ್ಬೆ ಹಾಕಿ ಹೇಳಲಿಕ್ಕೆ ಯಾರಿಗಾದರೂ ಮನಸ್ಸು ಬರುತ್ತದಾ? ಹಾಗೆ ನಮ್ಮ ಪಡೀಲಿನ ಮನೆಯಲ್ಲಿ ಸಣ್ಣ ಮಾತೆಲ್ಲ ನಿಂತುಹೋಯಿತು. ಆ ಮಿಷನ್ ಕಿವಿಗೆ ಏರಲಿ ಎಂದು ನಾನು ಮಾಡದ ಜಗಳ ಇಲ್ಲ. ಬೈಯುವುದನ್ನು ಮಾತ್ರ ಮೆಲ್ಲಗೆ ಬೈಯಬಹುದಿತ್ತು, ಅದೊಂದು ಅನುಕೂಲ.

ರಾಕೆಟ್ಟು ಮೊದಲು ಮೊಮ್ಮಗಳದ್ದು. ಜ್ಯೂಸಿನ ಬಾಟಲಿಗೆ ಅರ್ಧಕ್ಕಿಂತ ಕಮ್ಮಿ ನೀರು ತುಂಬಿಸಿ, ಗಾಳಿ ಹೊಡೆದು ಮೇಲೆ ಬಿಡುವುದು. ಅವಳಿಗೆ ಶಾಲೆಯಲ್ಲಿ ಮಾರ್ಕು ಸಿಕ್ಕಿತು, ಬಿಟ್ಟಳು. ಹುಚ್ಚು ಹಿಡಿದದ್ದು ಇವರಿಗೆ. ಗಾಳಿ ಹೊಡೆಯುವುದನ್ನು ಇವರಿಗೆ ಹೇಳಿಕೊಡಬೇಕಾ? ಆದಿತ್ಯವಾರ ಬಂತೆಂದರೆ ಮನೆಯ ಹಿಂದಿನ ಖಾಲಿ ಜಾಗದಲ್ಲಿ ಬಾಟಲಿ ಹಾರುತ್ತಿತ್ತು; ಅದರ ನೀರು ನಾನು ಒಣಗಲು ಹಾಕಿದ ಬಟ್ಟೆಯ ಮೇಲೆ. ಐವತ್ತು ಮೀಟರ್ ಹೋಯಿತೆಂದು ಇವರು. "ತೆಂಗಿನ ಮರಕ್ಕಿಂತ ಸ್ವಲ್ಪ ಮೇಲೆ ಅಷ್ಟೆ, ಭಾವ" ಎಂದು ನನ್ನ ತಮ್ಮ ಉಮೇಶ. ಅವನಿಗೆ ಜೆಪ್ಪುವಿನಲ್ಲಿ ಮೊಬೈಲ್ ರಿಪೇರಿ ಅಂಗಡಿ. ಕಡೆಗೆ ಎತ್ತರ ಅಳೆಯುವ ಆಲ್ಟಿಮೀಟರ್ ತರಿಸುವುದೆಂದು ತೀರ್ಮಾನವಾಯಿತು.

ಉಮೇಶ ಫೋನಿನಲ್ಲಿ ಮೂರು ಬಗೆ ತೋರಿಸಿದ. ಒಂದಕ್ಕೆ ಪರದೆ, ಬ್ಯಾಟರಿ ಎಲ್ಲ ಉಂಟು, ಆದರೆ ಭಾರ. ಎಷ್ಟು ಎತ್ತರ ಹೋಯಿತೆಂದು ನೋಡಲಿಕ್ಕೆ ಹೋಗಿ ಎತ್ತರವೇ ಕಮ್ಮಿಯಾಗುತ್ತದೆ. ಇನ್ನೊಂದು ಲೆಕ್ಕವನ್ನು ದೊಡ್ಡ ಫೋನಿಗೆ ಕಳಿಸುತ್ತದೆ. ಇವರದ್ದು ಬಟನ್ ಫೋನು. ಮೂರನೆಯದು ಹೆಬ್ಬೆರಳಿನಷ್ಟು. ಪರದೆ ಇಲ್ಲ, ಕೆಳಗೆ ಬಿದ್ದ ಮೇಲೆ ಕೂಗಿ ಹೇಳುತ್ತದೆ. ಮೂರು ಸಲ ಕೂಗಿ, ಸ್ವಲ್ಪ ನಿಂತು, ಆರು ಸಲ ಕೂಗಿದರೆ ಮೂವತ್ತಾರು ಮೀಟರ್. ಬಂದ್ ಮಾಡುವ ತನಕ ಅದನ್ನೇ ಮತ್ತೆ ಮತ್ತೆ ಕೂಗುತ್ತದೆ.

"ಇದೇ ಆಗಬಹುದು" ಎಂದರು ಇವರು. ಕಿವಿ ಕೇಳದವರು ಕೂಗುವುದನ್ನೇ ಆರಿಸಿದರು ನೋಡಿ. ನಾನು ಬೇಕೆಂದೇ ಬಾಯಿ ಬಿಡಲಿಲ್ಲ.

ಅದಕ್ಕೆ ಬ್ಯಾಟರಿ ನಾವೇ ಕೊಡಬೇಕು. ಒಂಬತ್ತು ವೋಲ್ಟಿನ ಚೌಕದ್ದು ಆಲ್ಟಿಮೀಟರಿಗಿಂತ ಭಾರ. ರಿಮೋಟಿಗೆ ಹಾಕುವ ಬಿಲ್ಲೆಯಂಥದ್ದು ಕೂಗಲು ಶುರು ಮಾಡಿದ ಕೂಡಲೇ ಸುಸ್ತು. ಮೊಬೈಲಿನದ್ದನ್ನು ಉಮೇಶನೇ ಬೇಡವೆಂದ. "ಕಲ್ಲಿಗೆ ಬಿದ್ದು ಜಜ್ಜಿದ್ರೆ ಬೆಂಕಿ ಹಿಡೀತದೆ." ಅಷ್ಟರಲ್ಲಿ ಅವನ ಕಣ್ಣು ಕಪಾಟಿನಲ್ಲಿದ್ದ ಕಿವಿಯ ಬ್ಯಾಟರಿ ಪ್ಯಾಕೆಟಿನ ಮೇಲೆ ಬಿತ್ತು.

"ಭಾವ, ಇದು ಹಗುರ. ಎರಡು ಸೇರಿಸಿದ್ರೆ ಸಾಕು. ಹೇಗೂ ನೀವು ಮುಟ್ಟುದಿಲ್ಲ ಅಲ್ವಾ?"

ನೀರು ಹೋಗದಿರಲಿ ಎಂದು ಎಲ್ಲವನ್ನೂ ಬಲೂನಿನೊಳಗೆ ತುರುಕಿ ಗಂಟು ಬಿಗಿದರು. ಮೊದಲ ದಿನ ಅದು ತುಟಿ ಬಿಚ್ಚಲಿಲ್ಲ. ಡೂಪ್ಲಿಕೇಟ್ ಮಾಲೆಂದು ಇವರು ಉಮೇಶನನ್ನು ಬೈದರು. ಮಿಷನ್ ಕೊಡುವಾಗ ಕ್ಲಿನಿಕ್ಕಿನ ಹುಡುಗಿ ಹೇಳಿದ್ದು ನನಗೆ ನೆನಪಿತ್ತು: ಸ್ಟಿಕ್ಕರ್ ತೆಗೆದ ಮೇಲೆ ಈ ಬ್ಯಾಟರಿ ಗಾಳಿ ಕುಡಿದೇ ಕೆಲಸ ಮಾಡುವುದು. ಹೇಳಿದೆ, ಅಂದರೆ ಬೊಬ್ಬೆ ಹಾಕಿದೆ.

"ಹೌದಲ್ಲ ಅಕ್ಕ! ಆಲ್ಟಿಮೀಟರಿಗೂ ಗಾಳಿ ಬೇಕು. ಮೇಲೆ ಹೋದ ಹಾಗೆ ಗಾಳಿಯ ಒತ್ತಡ ಕಮ್ಮಿ ಆಗುದನ್ನು ನೋಡಿಯೇ ಅದು ಎತ್ತರ ಹೇಳುದು" ಎಂದ ಉಮೇಶ. ಬಲೂನು ತೆಗೆದರು. ಬಾಟಲಿಯ ತಲೆಗೆ ಟೊಪ್ಪಿ ಮಾಡಿ, ಅದರೊಳಗೆ ಇಟ್ಟು, ಬದಿಯಲ್ಲಿ ಸಣ್ಣ ತೂತು ಮಾಡಿದರು.

ಮರು ಆದಿತ್ಯವಾರ ಅದು ಕೂಗಿತು.

"ಎಷ್ಟು?" ಎಂದರು ಇವರು.

ಬೆರಳಿನಲ್ಲಿ ಮೂರು ತೋರಿಸಿದೆ, ಮತ್ತೆ ಒಂದು.

"ಹೋಗು ಮಾರಾಯ್ತಿ. ನಿನಗೆ ಎಣಿಸ್ಲಿಕ್ಕೆ ಬರುದಿಲ್ಲ."

"ನಾನೂ ಕೇಳಿದೆ ಭಾವ, ಮೂವತ್ತೊಂದೇ" ಎಂದು ಉಮೇಶ ಕೂಗಿದ.

"ನೀವು ಅಕ್ಕ ತಮ್ಮ ಒಂದೇ ಪಾರ್ಟಿ."

ಬಾಟಲಿ ಎತ್ತಿ ಕಿವಿಗೆ ಒತ್ತಿ ಹಿಡಿದರು. ಅದು ಕೂಗುತ್ತಲೇ ಇತ್ತು. ನಮ್ಮಿಬ್ಬರ ಮುಖ ನೋಡಿದರು. ಇನ್ನೊಂದು ಕಿವಿಗೆ ಹಿಡಿದರು. ನನಗೆ ನಗು ಬರಲಿಲ್ಲ.

"ನಂಬಿಕೆ ಇಲ್ಲದಿದ್ರೆ ಮಿಷನ್ ಹಾಕಿ ನೀವೇ ಎಣಿಸಿ!" ಎಂದು ಅರಚಿದೆ.

ವರ್ಷಗಟ್ಟಲೆ ನನಗಾಗಿ ಹಾಕದವರು ಬಾಟಲಿಗಾಗಿ ಹಾಕಿದರು. ಒಳಗೆ ಹೋಗಿ ಡಬ್ಬಿ ತಂದು, ಹೊಸ ಬ್ಯಾಟರಿಯ ಸ್ಟಿಕ್ಕರ್ ಕಿತ್ತು, ಎರಡು ಕಿವಿಗೂ ಏರಿಸಿ, ಬಾಟಲಿಯ ಎದುರು ಕುಕ್ಕರುಗಾಲಿನಲ್ಲಿ ಕೂತು ಎಣಿಸಿದರು. "ಮೂವತ್ತೊಂದೇ" ಎಂದರು. ಬೇಸರ ಮಾಡಿದ ಹಾಗೆ ಕಾಣಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು, "ಈ ಕಾಗೆಗಳು ಯಾವಾಗ್ಲೂ ಹೀಗೆಯೇ ಕೂಗುದಾ?" ಎಂದು ಕೇಳಿದರು.

ಸಂಜೆ ತೆಗೆದಿಡಲು ಹೊರಟರು. "ಸ್ಟಿಕ್ಕರ್ ತೆಗ್ದಾಯ್ತಲ್ಲ. ಇನ್ನು ಹಾಕಿದ್ರೂ ಹಾಕದಿದ್ರೂ ಬ್ಯಾಟರಿ ಸಾಯ್ತದೆ" ಎಂದೆ. ಹಳೇ ಟ್ಯೂಬಿನ ತುಂಡನ್ನೂ ಬಿಸಾಡದ ಮನುಷ್ಯ. ವೇಸ್ಟ್ ಆಗುತ್ತದಲ್ಲ ಎಂದು ಮತ್ತೆ ಕಿವಿಗೆ ಏರಿಸಿದರು. ಮಿಕ್ಸಿ ಹಾಕಿದರೆ ಅಂಗಳಕ್ಕೆ ಓಡುತ್ತಿದ್ದರು, ಆದರೂ ತೆಗೆಯಲಿಲ್ಲ.

ಕಷ್ಟವಾದದ್ದು ನನಗೆ. ಮೆಲ್ಲಗೆ ಹೇಳಲಿಕ್ಕೆ ಮಾತೇ ಸಿಕ್ಕಲಿಲ್ಲ. ಎದುರುಬದುರು ಕೂತು ಗಂಜಿ ಉಣ್ಣುವಾಗ ಇವರು ಕಾದರು, ನಾನೂ ಕಾದೆ. ಕಡೆಗೆ ಬೆಕ್ಕು ಮರಿ ಹಾಕಿದ ಸುದ್ದಿ ಹೇಳಿದೆ. ಅಷ್ಟರಲ್ಲಿ ಆ ಮರಿಗಳೇ ದೊಡ್ಡವಾಗಿ ಮರಿ ಹಾಕಿದ್ದವು.

ಈಗ ಮನೆಯ ಹಿಂದಿನ ಆ ಜಾಗದಲ್ಲಿ ಫ್ಲ್ಯಾಟ್ ಎದ್ದಿದೆ. ಇವರಿಗೂ ಮಂಡಿ ಬಗ್ಗುವುದಿಲ್ಲ. ಐವತ್ತು ಮೀಟರ್ ಒಂದು ಸಲವೂ ಆಗಲಿಲ್ಲ.

ಇವತ್ತು ಗುಡಿಸಿ ಆದ ಮೇಲೆ ಅಡುಗೆಮನೆಯಲ್ಲಿ ಮೆಟ್ಟುಕತ್ತಿ ಇಟ್ಟು ತೊಂಡೆಕಾಯಿ ಹೆಚ್ಚಲು ಕೂತೆ. ಒಳಗೆ ಕೆಂಪು. "ಎಲ್ಲ ಹಣ್ಣಾಗಿದೆ" ಎಂದು ನನ್ನಷ್ಟಕ್ಕೇ ಹೇಳಿಕೊಂಡೆ.

"ಆ ಅಂಗಡಿಯಿಂದ ತರಬೇಡ ಅಂತ ನಿನ್ನೆಯೇ ಹೇಳಿದ್ದೆ" ಎಂದು ಜಗಲಿಯಿಂದ ಬಂತು.

"ನಿಮ್ಮಲ್ಲಿ ಯಾರು ಕೇಳಿದ್ದು?" ಎಂದೆ. ಮತ್ತೆ ಮೆಟ್ಟುಕತ್ತಿಯಿಂದ ಕೈ ತೆಗೆದು, ಇನ್ನೂ ಮೆಲ್ಲಗೆ, ನನಗೇ ಕೇಳದಷ್ಟು ಮೆಲ್ಲಗೆ ಹೇಳಿದೆ: "ಹಾಗಾದ್ರೆ ಮಧ್ಯಾಹ್ನಕ್ಕೆ ಎಂತ ಮಾಡುದು?"

"ಬಸಳೆ ಉಂಟಲ್ಲ" ಎಂದರು.