ಕಾಕು ಮತ್ತು ಕೆಟಲ್ಲಿನ ಮೊಟ್ಟೆ

ನಿನ್ನೆ ಮಗಳು ಒಲೆಯ ಮೇಲೆ ಮೊಟ್ಟೆ ಇಟ್ಟು ಫೋನು ಹಿಡಿದು ಕೂತಳು. ನೀರೆಲ್ಲ ಇಂಗಿ, ಮೊಟ್ಟೆ ಸಿಡಿದು, ಸ್ಟ್ಯಾನ್ಮೋರ್‌ನ ನಮ್ಮ ಮನೆ ತುಂಬ ಗಂಧಕದ ವಾಸನೆ. “ಸಾರಿ ಅಮ್ಮಾ, ಐ ಫರ್ಗಾಟ್,” ಎಂದಳು. ಬೈಯಲು ಹೋದವಳು ಕಿಟಕಿ ತೆರೆದೆ. ಆ ವಾಸನೆಯ ಜೊತೆಗೇ ಕಾಕು ಕಣ್ಣ ಮುಂದೆ ಬಂದು ನಿಂತಿದ್ದರು...

ಕಾಕು ಧಾರವಾಡದವರು. ಡಾಕ್ಟರ್ ಗಂಡ ಹೋದ ಮೇಲೆ ಕ್ವೀನ್ಸ್‌ಬರಿಯ ಮನೆಯಲ್ಲಿ ಒಬ್ಬರೇ ಇದ್ದರು. ಬೆಂಗಳೂರಿನಿಂದ ಇಂಗ್ಲಿಷರ ನಾಡಿಗೆ ಹೊಸದಾಗಿ ಕೆಲಸಕ್ಕೆ ಬಂದಿದ್ದ ನನಗೆ ಮಹಡಿಯ ಕೋಣೆ ಬಾಡಿಗೆಗೆ ಕೊಟ್ಟಾಗ ಹಾಕಿದ್ದು ಒಂದೇ ಷರತ್ತು: ಮನೆಯೊಳಗೆ ಮೊಟ್ಟೆ ಬರಕೂಡದು. ಹೂಂ ಎಂದೆ. ಹಾಗೆಂದವಳು ಕೋಣೆಯ ಎಲೆಕ್ಟ್ರಿಕ್ ಕೆಟಲ್ಲಿನಲ್ಲೇ ಮೊಟ್ಟೆ ಬೇಯಿಸಿಕೊಂಡು, ಸಿಪ್ಪೆಯನ್ನು ಪೇಪರಿನಲ್ಲಿ ಸುತ್ತಿ, ಟ್ಯೂಬ್ ರೈಲು ಸ್ಟೇಷನ್ನಿನ ಹತ್ತಿರದ ಕಸದ ಡಬ್ಬಿಗೆ ಹಾಕುತ್ತಿದ್ದೆ. ಸಿಕ್ಕಿಬಿದ್ದರೆ ಕೋಣೆಯೂ ಹೋಗುತ್ತಿತ್ತು, ದಿನಾ ಸಂಜೆ ಸಿಗುತ್ತಿದ್ದ ಬಿಸಿ ಭಕ್ಕರಿ, ಎಣ್ಣೆಗಾಯಿಯೂ ಹೋಗುತ್ತಿದ್ದವು.

ಒಂದು ಬೇಸಿಗೆಯಲ್ಲಿ ಇಬ್ಬರೂ ಐಸ್‌ಲ್ಯಾಂಡ್ ನೋಡಲು ಹೋದೆವು. ಬಸ್ಸಿನಲ್ಲಿ ಗಡದ್ದಾಗಿ ನಿದ್ದೆ ಹೊಡೆದೆ. ಎದ್ದಾಗ ಜ್ವಾಲಾಮುಖಿಯ ನೆಲದ ಒಂದು ರಾಷ್ಟ್ರೀಯ ಉದ್ಯಾನದಲ್ಲಿದ್ದೆವು. ಎಲ್ಲೆಲ್ಲೂ ನೆಲದಿಂದ ಹಬೆ ಏಳುತ್ತಿತ್ತು, ಗುಂಡಿಗಳಲ್ಲಿ ಬೂದು ಕೆಸರು ಅಂಬಲಿಯ ಹಾಗೆ ಕುದಿಯುತ್ತಿತ್ತು. ಸೀರೆಯ ಮೇಲೆ ದಪ್ಪ ಕೋಟು, ಕಾಲಿಗೆ ಸ್ಪೋರ್ಟ್ಸ್ ಶೂ ಹಾಕಿದ್ದ ಕಾಕು ಹಲಗೆಯ ದಾರಿಯ ನಡುವೆ ನಿಂತು ಮೂಗಿಗೆ ಸೆರಗು ಹಿಡಿದರು.

“ಏನ್ ನಾತ ಇದು... ಯಾರೋ ತತ್ತಿ ತಂದಾರ ನೋಡು.”

ನಾನು ಬ್ಯಾಗನ್ನು ಬೆನ್ನ ಹಿಂದೆ ಸರಿಸಿದೆ. ಹೋಟೆಲಿನ ತಿಂಡಿಯಲ್ಲಿ ಎತ್ತಿಟ್ಟುಕೊಂಡ ಎರಡು ಬೆಂದ ಮೊಟ್ಟೆ ಬ್ಯಾಗಿನಲ್ಲಿದ್ದವು. ಅವೇ ಕೆಟ್ಟು ನಾರುತ್ತಿವೆ ಎಂದುಕೊಂಡೆ, ಪೆದ್ದಿ. “ಕಾಕು, ನನ್ ಬ್ಯಾಗಲ್ಲೇ ಇವೆ. ಮನೇಲೂ ತಿಂತಿದ್ದೆ. ತಪ್ಪಾಯ್ತು,” ಎಂದು ಎಲ್ಲ ಒದರಿಬಿಟ್ಟೆ.

ಕಾಕು ಸೆರಗು ತೆಗೆದರು. ನಗುತ್ತಿದ್ದರು. “ನಾತ ಭೂಮಿದು, ಗಂಧಕದ್ದು. ಗೈಡ್ ಹೇಳುವಾಗ ನೀ ಗೊರಕಿ ಹೊಡೀತಿದ್ದಿ. ನಿನ್ನ ತತ್ತಿ ಸುದ್ದಿ ನಂಗ ಎಂದೋ ಗೊತ್ತು. ನಿಂಗ ಜ್ವರ ಬಂದಾಗ ನೀರು ಕಾಸಲಿಕ್ಕೆ ಬಂದಿದ್ದೆ, ಕೆಟಲ್‌ನ್ಯಾಗ ಸಿಪ್ಪಿ ಇತ್ತು.”

“ಮತ್ತೆ ಯಾಕೆ ಏನೂ ಹೇಳ್ಲಿಲ್ಲ?”

ಅವರು ಹಬೆಯ ಕಡೆ ನೋಡಿದರು. “ಅಂದಿದ್ರ ನೀ ಮನಿ ಬಿಟ್ಟು ಹೋಗ್ತಿದ್ದಿ.”

ಮುಂದೆ ಮನೆ ಬಿಟ್ಟೇಬಿಟ್ಟೆ, ಮದುವೆಯಾಗಿ. ಸ್ಟ್ಯಾನ್ಮೋರ್‌ನಿಂದ ಕ್ವೀನ್ಸ್‌ಬರಿಗೆ ಕಾರಿನಲ್ಲಿ ಹತ್ತು ನಿಮಿಷ. ಮೊದಲು ವಾರಕ್ಕೊಮ್ಮೆ ಹೋಗುತ್ತಿದ್ದೆ, ಆಮೇಲೆ ಹಬ್ಬಕ್ಕೆ, ಆಮೇಲೆ ಬರೀ ಫೋನು... ಹೋದ ಚಳಿಗಾಲದಲ್ಲಿ ಕಾಕು ತೀರಿಕೊಂಡರು. ಹತ್ತು ನಿಮಿಷದ ದಾರಿ ನನಗೆ ಯಾಕೆ ದೂರವಾಯಿತೋ, ನೆನೆದರೆ ನಾಚಿಕೆಯಾಗುತ್ತದೆ.

ನಿನ್ನೆ ಒಲೆ ಒರೆಸಿ, ಸಿಪ್ಪೆಯನ್ನು ಪೇಪರಿನಲ್ಲಿ ಸುತ್ತುತ್ತಿದ್ದೆ. “ಯಾವಾಗ್ಲೂ ವೈ ಡು ಯು ಡು ದಟ್?” ಎಂದಳು ಮಗಳು.

“ಕಾಕೂಗೆ ಗೊತ್ತಾಗ್ಬಾರ್ದು ಅಂತ,” ಎಂದೆ.